ಕರ್ಪೂರ ಕುಡಿದ ದೋಣಿ

ನದಿ ಕಡಲಿಗೆ ಸೇರುವ ಮೊದಲು, ಇನ್ನೇನು ಬಂದೇ ಬಿಟ್ಟಿತು ಎನ್ನುವಾಗ, ಒಂದು ತುಂಡು ನೆಲವನ್ನು ಬಳಸಿಕೊಂಡು ಹೋಗುತ್ತದೆ. ಸುತ್ತ ನೀರು, ನಡುವೆ ತೆಂಗು. ಅಂಥ ನೆಲಕ್ಕೆ ಆ ಕಡೆಯವರು ಕುರ್ವೆ ಎನ್ನುತ್ತಾರೆ. ಆ ಕುರ್ವೆಯ ಮೇಲೆ ಒಂದು ಆಶ್ರಮ. ಆಶ್ರಮದಲ್ಲಿ ಒಬ್ಬ ಗುರು. ಗುರುವಿಗೆ ಒಬ್ಬ ಶಿಷ್ಯ, ಹೆಸರು ಜಟ್ಟಪ್ಪ.

ಜಟ್ಟಪ್ಪ ಹಗಲೆಲ್ಲ ಆಶ್ರಮದ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದ. ಸಂಜೆ ಮಂಗಳಾರತಿಯ ತಟ್ಟೆ ಸಿದ್ಧ ಮಾಡುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ: ಗುರುಗಳು ತನ್ನ ಕಿವಿಯಲ್ಲಿ ಮಂತ್ರ ಹೇಳಬೇಕು. ಅದಕ್ಕಾಗಿಯೇ ಮನೆ ಬಿಟ್ಟು ಬಂದವನು. ಅವನ ಹಿಂದಿನಿಂದ ಬಂದವರೆಲ್ಲ ಮಂತ್ರ ಪಡೆದು, ಶಾಲು ಹೊದ್ದು, ಬೇರೆ ಬೇರೆ ಊರುಗಳಲ್ಲಿ ತಾವೇ ಗುರುಗಳಾಗಿ ಕುಳಿತಿದ್ದರು. ಜಟ್ಟಪ್ಪ ಅವರ ಗಂಟುಮೂಟೆಯನ್ನು ದೋಣಿಗೆ ಏರಿಸಿ, ಆಚೆ ದಡದಲ್ಲಿ ಇಳಿಸಿ, ನಮಸ್ಕಾರ ಮಾಡಿ ಬರುತ್ತಿದ್ದ.

ಹೀಗಿರುವಾಗ ಪೇಟೆಯ ಭಕ್ತರೊಬ್ಬರು ಆಶ್ರಮದ ದೋಣಿಗೆ ಒಂದು ಇಂಜಿನ್ ದಾನ ಮಾಡಿದರು. ಸಾಮಾನ್ಯ ಇಂಜಿನ್ ಅಲ್ಲ, ಪಂದ್ಯದ ದೋಣಿಗೆ ಕಟ್ಟುವಂಥದ್ದು. ಅವರ ಮಗ ಅದನ್ನು ಕಟ್ಟಿಕೊಂಡು ಕಡಲಲ್ಲಿ ಹಾರಾಡಿ ಕೈ ಮುರಿದುಕೊಂಡಿದ್ದ. ಮನೆಯಲ್ಲಿ ಇಡುವ ಹಾಗಿಲ್ಲ, ಮಾರಲು ಮನಸ್ಸಿಲ್ಲ. ಹಾಗಾಗಿ ದೇವರಿಗೆ ಬಂತು. ದೇವರಿಗೆ ಬರುವುದು ಹೆಚ್ಚಾಗಿ ಇಂಥದ್ದೇ.

ಮೊದಲ ದಿನ ಜಟ್ಟಪ್ಪ ಇಂಜಿನ್ನಿನ ವೇಗದ ಹಿಡಿಕೆಯನ್ನು ಪೂರ್ತಿ ತಿರುಗಿಸಿದ. ದೋಣಿ ಮೂಗು ಎತ್ತಿಕೊಂಡು ಹಾರಿತು. ಅದರ ಜೊತೆಗೇ ಇಂಜಿನ್ ಒಳಗಿನಿಂದ ಒಂದು ಸದ್ದು ಎದ್ದಿತು. ಟಕ ಟಕ ಟಕ. ಯಾರೋ ಒಳಗೆ ಕೂತು ಒನಕೆ ಹಿಡಿದು ಅವಲಕ್ಕಿ ಕುಟ್ಟುತ್ತಿದ್ದ ಹಾಗೆ.

ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತಿದ್ದ ಗುರುಗಳು ಏನೋ ಕೂಗಿದರು. ಕೈ ಎತ್ತಿ, ಮಣಿಕಟ್ಟನ್ನು ಅರ್ಧ ತಿರುಗಿಸಿ ತೋರಿಸಿದರು.

ಆಶೀರ್ವಾದ ಎಂದುಕೊಂಡ ಜಟ್ಟಪ್ಪ ದೋಣಿಯಿಂದಲೇ ಕೈ ಮುಗಿದ. ಹಿಡಿಕೆ ಬಿಟ್ಟು ಎರಡೂ ಕೈ ಮುಗಿದದ್ದರಿಂದ ದೋಣಿ ಯಾರದೋ ಬಲೆಯ ಮೇಲೆ ಹೋಯಿತು. ಆ ಮಾತು ಈಗ ಬೇಡ.

ಸಂಜೆ ಅವನು ಎಂದಿನಂತೆ ಕೇಳಿದ. "ಗುರುಗಳೇ, ನನಗೆ ಮಂತ್ರ ಯಾವಾಗ?"

"ಆಂ?" ಎಂದರು ಗುರುಗಳು.

"ಮಂತ್ರ! ಮಂತ್ರ ಯಾವಾಗ ಅಂತ!"

"ಎಂತಕ್ಕೆ ಕೂಗ್ತೆ ಮಾರಾಯ, ನನ್ನ ಕಿವಿ ಸರಿ ಇದ್ದು. ನಿನ್ನ ಕಿವಿಯಲ್ಲಿ ಇನ್ನೂ ಕುಟ್ಟುತ್ತಾ ಇದ್ದು. ಮಂತ್ರ ಅಂದ್ರೆ ಮೆಲ್ಲಗೆ ಹೇಳೂದು. ಆ ಕುಟ್ಟೂದು ನಿಂತ ದಿನ ಹೇಳ್ತೆ."

ಜಟ್ಟಪ್ಪನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅಲ್ಲಿಯವರೆಗೆ ಗುರುಗಳು 'ನೋಡುವಾ' ಎನ್ನುತ್ತಿದ್ದರೇ ಹೊರತು ಹೀಗೆ ಖಚಿತವಾಗಿ ಎಂದೂ ಹೇಳಿರಲಿಲ್ಲ. ಈಗ ಮಂತ್ರಕ್ಕೂ ತನಗೂ ನಡುವೆ ಇರುವುದು ಒಂದು ಇಂಜಿನ್ ಮಾತ್ರ.

ಮರುದಿನ ಆಚೆ ದಡದ ಇನಾಸನ ಗ್ಯಾರೇಜಿಗೆ ಹೋದ. ಇನಾಸ ಮೀನುಗಾರರ ಇಂಜಿನ್‌ಗಳನ್ನು ರಿಪೇರಿ ಮಾಡುವವನು. ದೋಣಿಗೆ ಇಳಿದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಡಾಕ್ಟರು ಎದೆ ನೋಡಿದ ಹಾಗೆ.

"ಇಂಜಿನ್ನಿಗೆ ಎಂತದೂ ಆಗಲಿಲ್ಲ," ಎಂದ ಇನಾಸ. "ಪೆಟ್ರೋಲಿಗೆ ತಾಳ್ಮೆ ಇಲ್ಲ."

"ಪೆಟ್ರೋಲಿಗೆ ಎಂತಾ ತಾಳ್ಮೆ?"

"ಇದು ಪಂದ್ಯದ ಇಂಜಿನ್ ಅಲ್ದಾ. ಪೆಟ್ರೋಲನ್ನ ಒಳಗೆ ಎಳೆದುಕೊಂಡು ಗಟ್ಟಿಯಾಗಿ ಒತ್ತುತ್ತದೆ. ಕಿಡಿ ಬರೋ ತನಕ ಪೆಟ್ರೋಲ್ ತಡ್ಕೊಂಡು ಇರಬೇಕು. ಬಂಕಿನ ಪೆಟ್ರೋಲ್ ಇರೂದಿಲ್ಲ. ಕಿಡಿ ಬರೂದ್ರೊಳಗೆ ತಾನೇ ಹೊತ್ತಿಕೊಳ್ತದೆ. ಅದೇ ಈ ಸದ್ದು. ಹಾಗೆ ತಡ್ಕೊಳ್ಳೂ ಗುಣಕ್ಕೆ ಆಕ್ಟೇನ್ ಅಂತಾರೆ. ನಿನಗೆ ಆಕ್ಟೇನ್ ಜಾಸ್ತಿ ಇರೂ ಪೆಟ್ರೋಲ್ ಬೇಕು."

ಇಷ್ಟುದ್ದದ ಮಾತಿನಲ್ಲಿ ಜಟ್ಟಪ್ಪನ ಕಿವಿಗೆ ಬಿದ್ದದ್ದು ಕೊನೆಯದು ಮಾತ್ರ. "ಅದು ಎಲ್ಲಿ ಸಿಗ್ತದೆ?"

"ಪಂದ್ಯದವರು ತರಿಸ್ತಾರೆ, ಡ್ರಮ್ಮಿನಲ್ಲಿ. ಅದನ್ನ ಹಾಕಿದ್ರೆ ನಿಮ್ಮ ಆಶ್ರಮದಲ್ಲಿ ಅನ್ನದಾನ ನಿಲ್ಲಿಸಬೇಕಾಗ್ತದೆ."

"ಅಗ್ಗದ್ದು ಎಂತದೂ ಇಲ್ವಾ?"

ಇನಾಸ ನಕ್ಕ. "ಹೇಳೋರು ಹೇಳ್ತಾರೆ. ಕೆಲವರು ಮದ್ಯ ಸೇರಿಸು ಅಂತಾರೆ. ಕೆಲವರು ಕರ್ಪೂರ ಹಾಕು ಅಂತಾರೆ. ನಾನು ಎರಡನ್ನೂ ಹೇಳಲಿಲ್ಲ, ಗೊತ್ತಾಯ್ತಾ?"

ಗೊತ್ತಾಯಿತು ಎಂದು ಜಟ್ಟಪ್ಪ ತಲೆಯಾಡಿಸಿ, ಅಲ್ಲಿಂದ ನೇರವಾಗಿ ವೈನ್ ಶಾಪಿಗೆ ಹೋದ.

ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಅಂಗಡಿಯ ಮುಂದೆ ನಿಂತಿದ್ದ ಸಾಲು ಗೌರವದಿಂದ ಬದಿಗೆ ಸರಿದು ದಾರಿ ಬಿಟ್ಟಿತು.

"ಎಲ್ಲಕ್ಕಿಂತ ಖಡಕ್ ಯಾವುದು? ಅಗ್ಗದ್ದರಲ್ಲಿ."

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಆಶ್ರಮದಲ್ಲೂ ಶುರುವಾಯ್ತಾ?"

"ನನಗಲ್ಲ. ಇಂಜಿನ್ನಿಗೆ."

"ಇರಲಿ, ಇರಲಿ," ಎಂದು ಅವನು ಬಾಟಲಿಗಳನ್ನು ಕಾಗದದಲ್ಲಿ ಸುತ್ತಿದ. "ನಿನ್ನೆ ಒಬ್ಬರು ಎಮ್ಮೆಗೆ ಅಂತ ತಗೊಂಡು ಹೋದ್ರು."

ಬಾಟಲಿಗಳು ಟ್ಯಾಂಕಿಗೆ ಹೋದವು. ದೋಣಿ ಜನರನ್ನು ತುಂಬಿಕೊಂಡು ಗತ್ತಿನಿಂದ ಹೊರಟಿತು. ಹೊಳೆಯ ನಡುವೆ ಬಂದಾಗ ಇಂಜಿನ್ ಒಮ್ಮೆ ಬಿಕ್ಕಳಿಸಿತು, ಇನ್ನೊಮ್ಮೆ ಬಿಕ್ಕಳಿಸಿತು, ಆಮೇಲೆ ಸುಮ್ಮನಾಯಿತು. ಇಳಿತದ ಹೊತ್ತು. ನೀರು ದೋಣಿಯನ್ನು ಮೆಲ್ಲಗೆ ಕಡಲಿನ ಕಡೆಗೆ ಎಳೆದುಕೊಂಡು ಹೊರಟಿತು.

ದೋಣಿಯಲ್ಲಿ ದೇವಮ್ಮ ಇದ್ದಳು. ಕುರ್ವೆಯಲ್ಲೇ ಮನೆ, ದಿನವೂ ಬಸಳೆ, ಹರಿವೆಯ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಮಾರಿ ಬರುವವಳು. ಅವಳ ಬಾಯಿಗೆ ಇಂಜಿನ್ ಬೇಕಾಗಿರಲಿಲ್ಲ. ಅವಳು ಹಾಕಿದ ಕೂಗಿಗೆ ಎರಡೂ ದಡದಿಂದ ಮೀನಿನ ದೋಣಿಗಳು ಬಂದವು. ಹಗ್ಗ ಕಟ್ಟಿ ಎಳೆದುಕೊಂಡು ಬಂದು ಕುರ್ವೆಗೆ ಹಚ್ಚಿದವು.

"ಗುರುಗಳೇ," ಎಂದಳು ದೇವಮ್ಮ ಇಳಿಯುವ ಮೊದಲೇ, "ನಿಮ್ಮ ಶಿಷ್ಯ ದೋಣಿಗೆ ಕುಡಿಸಿದ್ದ!"

ಗುರುಗಳು ಬಗ್ಗಿ ಟ್ಯಾಂಕಿನ ವಾಸನೆ ನೋಡಿದರು. ಕುಡಿದ ಮಗನನ್ನು ನೋಡುವ ತಾಯಿಯ ಹಾಗೆ ಇಂಜಿನ್ನಿನ ತಲೆ ನೇವರಿಸಿದರು.

"ಕುಡಿದೋರು ನಡುದಾರಿಯಲ್ಲಿ ಮಲಗೂದು ಹೊಸತಲ್ಲ. ಎಬ್ಬಿಸಬೇಡ. ಅಮಲು ಇಳಿಯಲಿ."

ಇನಾಸ ಬಂದು ಟ್ಯಾಂಕು ಬಸಿದ. "ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರೂದು ಮಾರಾಯಾ," ಎಂದು ಬೈದ. ಹೋಗುವ ಅವಸರದಲ್ಲಿ ಸ್ಕ್ರೂಡ್ರೈವರನ್ನು ದಕ್ಕೆಯ ಮೇಲೆಯೇ ಮರೆತು ಹೋದ. ಗುರುಗಳು ಅದನ್ನು ಎತ್ತಿಕೊಂಡರು. ಅವರಿಗೆ ಅದು ಬಹಳ ಇಷ್ಟವಾಯಿತು. ತೆಂಗಿನ ಮರಕ್ಕೆ ಊರಿ ಕಿವಿ ಕೊಟ್ಟರು. ಮಲಗಿದ ಬೆಕ್ಕಿಗೆ ಮೆಲ್ಲಗೆ ತಾಗಿಸಿ ಕೇಳಿದರು. ಯಾವುದರಿಂದ ಏನು ಕೇಳಿತೆಂದು ಯಾರಿಗೂ ಹೇಳಲಿಲ್ಲ.

ಈಗ ಉಳಿದದ್ದು ಕರ್ಪೂರ.

ಮಂಗಳಾರತಿಯ ಕರ್ಪೂರದ ಡಬ್ಬಿ ಜಟ್ಟಪ್ಪನ ಕೈಯಲ್ಲೇ ಇತ್ತು. ಕಳವು ಎನ್ನಲು ಅವನ ಮನಸ್ಸು ಒಪ್ಪಲಿಲ್ಲ. ದೇವರ ಕರ್ಪೂರ, ದೇವರ ದೋಣಿ, ದೇವರ ಮಂತ್ರಕ್ಕಾಗಿ. ನಡುವೆ ತಾನು ಎಲ್ಲಿ ಬಂದೆ? ಹೀಗೆ ಲೆಕ್ಕ ಹಾಕಿ ಒಂದು ಹಿಡಿ ಕರ್ಪೂರ ಪುಡಿ ಮಾಡಿ ಟ್ಯಾಂಕಿಗೆ ಹಾಕಿ, ದೋಣಿ ಬಿಟ್ಟ.

ಆ ಬೆಳಿಗ್ಗೆ ಹೊಳೆಯ ಎರಡೂ ದಡದಲ್ಲಿ ಒಂದು ವಿಚಿತ್ರ ನಡೆಯಿತು. ದೋಣಿ ಹಾದುಹೋದಲ್ಲೆಲ್ಲ ಗಾಳಿಯಲ್ಲಿ ಗರ್ಭಗುಡಿಯ ಪರಿಮಳ. ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ಬಲೆ ಹೆಣೆಯುತ್ತಿದ್ದವರು ಟೊಪ್ಪಿ ತೆಗೆದರು. ಒಬ್ಬ ಅಜ್ಜ ಚಪ್ಪಲಿ ಕಳಚಿಟ್ಟು, ಎರಡೂ ಅಂಗೈಯನ್ನು ದೋಣಿಯ ಹೊಗೆಯತ್ತ ಚಾಚಿ ಕಣ್ಣಿಗೆ ಒತ್ತಿಕೊಂಡ.

ಜಟ್ಟಪ್ಪ ಅದನ್ನು ತನಗೇ ಮಾಡಿದ ನಮಸ್ಕಾರ ಎಂದು ತಿಳಿದ. ಎದೆ ಉಬ್ಬಿತು. ಉಬ್ಬಿದ ಎದೆಗೆ ಕುಟ್ಟುವ ಸದ್ದೂ ಕಡಿಮೆಯಾದಂತೆ ಕೇಳಿಸಿತು. ಕಡಿಮೆಯಾಗಿತ್ತೋ ಇಲ್ಲವೋ ಯಾರಿಗೆ ಗೊತ್ತು, ಕೇಳಬೇಕೆಂದು ಹಟ ಹಿಡಿದ ಕಿವಿ ಬೇಕಾದ್ದನ್ನೇ ಕೇಳುತ್ತದೆ. ಇನ್ನಷ್ಟು ಹಾಕಿದರೆ ಪೂರ್ತಿ ನಿಲ್ಲುತ್ತದೆ ಎಂದುಕೊಂಡು ಡಬ್ಬಿಯನ್ನೇ ಟ್ಯಾಂಕಿನ ಮೇಲೆ ಕವುಚಿಬಿಟ್ಟ. ತಳಕ್ಕೆ ಅಂಟಿದ್ದನ್ನು ಉಗುರಿನಿಂದ ಕೆರೆದು ಹಾಕಿದ.

ಆ ದಿನ ಗುರುಪೂರ್ಣಿಮೆ ಎಂಬುದು ಅವನಿಗೆ ನೆನಪಾದದ್ದು ಸಂಜೆ, ಅಂಗಳದ ತುಂಬ ಜನರನ್ನು ಕಂಡಾಗ. ಅವರನ್ನೆಲ್ಲ ದಾಟಿಸಿ ತಂದವನೂ ಅವನೇ.

ಭಜನೆ ಮುಗಿಯಿತು. ಗಂಟೆ, ಜಾಗಟೆ, ಶಂಖ ಎದ್ದವು. ಗುರುಗಳು ಆರತಿ ತಟ್ಟೆಗೆ ಕೈ ಚಾಚಿದರು. ಜಟ್ಟಪ್ಪ ಬರಿದಾದ ತಟ್ಟೆಯನ್ನು ಹಿಡಿದುಕೊಂಡು ನಿಂತಿದ್ದ.

"ಕರ್ಪೂರ?"

"ಮುಗಿದಿದೆ, ಗುರುಗಳೇ."

"ನಿನ್ನೆ ಡಬ್ಬಿ ತುಂಬಿ ಇತ್ತು."

ಜಟ್ಟಪ್ಪ ದಕ್ಕೆಯ ಕಡೆ ನೋಡಿದ. ಗುರುಗಳೂ ಆ ಕಡೆಗೇ ನೋಡಿದರು. ಮೂಗು ಅರಳಿಸಿ ಒಮ್ಮೆ ಉಸಿರೆಳೆದುಕೊಂಡರು. ಈಗ ತನ್ನನ್ನು ಹೊರಡು ಎನ್ನುತ್ತಾರೆ ಎಂದು ಜಟ್ಟಪ್ಪನಿಗೆ ಖಾತ್ರಿಯಾಯಿತು. ಮಂತ್ರ ಹೋಯಿತು, ಆಶ್ರಮ ಹೋಯಿತು, ಊರಿಗೆ ಹೋಗಿ ಯಾವ ಮುಖ ತೋರಿಸಲಿ ಎಂದು ಕಣ್ಣು ತುಂಬಿ ಬಂತು.

ಗುರುಗಳು ಜನರ ಕಡೆ ತಿರುಗಿದರು. "ಎಲ್ಲರೂ ಬನ್ನಿ. ಕರ್ಪೂರ ಎಲ್ಲಿ ಇದ್ದೋ ಅಲ್ಲೇ ಮಂಗಳಾರತಿ."

ಜಾಗಟೆ ಮುಂದೆ, ಶಂಖ ಹಿಂದೆ, ಇಡೀ ಅಂಗಳ ದಕ್ಕೆಗೆ ಇಳಿಯಿತು. ಗುರುಗಳು ದೋಣಿಯ ಹತ್ತಿರ ನಿಂತು, "ಶುರು ಮಾಡು, ಜಟ್ಟಪ್ಪಾ," ಎಂದರು.

"ಗುರುಗಳೇ, ಬೇಡ..."

"ದೇವರು ಕಾಯ್ತಾ ಇದ್ದ. ಮಾಡು."

ಜಟ್ಟಪ್ಪ ಹಗ್ಗ ಎಳೆದ. ಇಂಜಿನ್ ಕೆಮ್ಮಿತು, ಗೊರಗುಟ್ಟಿತು, ಎದ್ದಿತು. ಪಂದ್ಯದ ಇಂಜಿನ್ನಿನ ಹೊಗೆ ಕೊಳವೆ ನೀರಿನ ಮೇಲೆಯೇ ಇತ್ತು. ಅದರಿಂದ ಕಪ್ಪು ಹೊಗೆ ಪರಿಮಳದ ಸಮೇತ ಹೊರಬಂತು. ಗುರುಗಳು ಮೊದಲಿಗರಾಗಿ ಎರಡೂ ಅಂಗೈ ಚಾಚಿ ಹೊಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಗುರುಗಳು ಮಾಡಿದ ಮೇಲೆ ಕೇಳುವುದೇನು? ಜನ ಸಾಲುಗಟ್ಟಿದರು. ಒಬ್ಬೊಬ್ಬರೂ ಬಂದು, ಹೊಗೆಗೆ ಕೈ ಹಿಡಿದು, ಮುಖಕ್ಕೆ ಸವರಿಕೊಂಡು, ಮಸಿ ಮಸಿಯಾಗಿ, ಭಕ್ತಿಯಿಂದ ಬದಿಗೆ ಸರಿದರು. ಇಂಜಿನ್ ದಾನ ಮಾಡಿದ ಭಕ್ತರೂ ಸಾಲಿನಲ್ಲಿದ್ದರು. ಅವರ ರೇಷ್ಮೆ ಶಾಲಿನ ಕಥೆ ಅಲ್ಲಿಗೆ ಮುಗಿಯಿತು.

ಜಟ್ಟಪ್ಪನಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಕೆಳಗೆ ಇದ್ದದ್ದು ನೀರು.

ದೇವಮ್ಮನ ಸರದಿ ಬಂತು. ಮಸಿ ಹಚ್ಚಿಕೊಂಡು, ಬಲಗೈ ಗುಳಿ ಮಾಡಿ ಚಾಚಿ ನಿಂತಳು. "ಆರತಿ ಆತು. ತೀರ್ಥ ಟ್ಯಾಂಕಿನಿಂದ ಕೊಡ್ತೀರಾ, ಗುರುಗಳೇ?"

ಅಷ್ಟು ಹೊತ್ತಿಗೆ ಇಂಜಿನ್ ಒಂದು ದೊಡ್ಡ ತೇಗು ತೇಗಿ ನಿಂತುಹೋಯಿತು. ಜಾಗಟೆಯವನು ಅದನ್ನೇ ಮಂಗಳ ಎಂದು ತಿಳಿದು ಕೊನೆಯ ಪೆಟ್ಟು ಹೊಡೆದ.

ಇನಾಸ ಬಂದು ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆಲ್ಲ ಬಿಳಿ ಹರಳು. "ನಾನು ಹೇಳಲಿಲ್ಲ ಅಂತ ಹೇಳಿದ್ದೆ ಅಲ್ವಾ?" ಎಂದು ಗೊಣಗುತ್ತ ತೊಳೆದು ಕೊಟ್ಟ.

ಇಂಜಿನ್ ಸರಿಯಾದ ಬೆಳಿಗ್ಗೆ ಜಟ್ಟಪ್ಪ ತನ್ನ ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ. ಯಾರೂ ಹೊರಡು ಎಂದಿರಲಿಲ್ಲ. ಹೇಳಿಸಿಕೊಳ್ಳುವ ಮೊದಲು ತಾನೇ ಹೊರಟಿದ್ದ.

"ಹೊರಟ್ಯಾ?" ಎಂದರು ಗುರುಗಳು. "ಒಳ್ಳೇದಾಯ್ತು, ನನಗೂ ಆಚೆ ಹೋಗಬೇಕು. ದೋಣಿ ಬಿಡು."

ಗುರುಗಳು ಸ್ಕ್ರೂಡ್ರೈವರ್ ಹಿಡಿದು ದೋಣಿಯಲ್ಲಿ ಕೂತರು. ಜಟ್ಟಪ್ಪ ಹಿಡಿಕೆಯನ್ನು ಪೂರ್ತಿ ತಿರುಗಿಸಿದ. ಟಕ ಟಕ ಟಕ.

ಗುರುಗಳು ಕೈ ಎತ್ತಿ, ಮಣಿಕಟ್ಟನ್ನು ಅರ್ಧ ತಿರುಗಿಸಿ ತೋರಿಸಿದರು.

ಜಟ್ಟಪ್ಪ ಕೈ ಮುಗಿಯಲು ಹೋದವನು ನಿಂತ. ಗುರುಗಳ ಕೈ ನೋಡಿದ. ಹಿಡಿಕೆಯ ಮೇಲಿನ ತನ್ನ ಕೈ ನೋಡಿದ. ಹಿಡಿಕೆಯನ್ನು ಅರ್ಧಕ್ಕೆ ಇಳಿಸಿದ.

ಕುಟ್ಟುವುದು ನಿಂತಿತು.

ಪೂರ್ತಿ ನಿಂತಿತು. ದೋಣಿ ಮೂಗು ಇಳಿಸಿ ನೀರಿನ ಮೇಲೆ ಸುಮ್ಮನೆ ಹೋಗತೊಡಗಿತು. ಎಲ್ಲಿಯೋ ಒಂದು ಹಕ್ಕಿ ಕೂಗಿದ್ದು ಕೇಳಿಸಿತು.

"ಆ ದಿನ ನೀವು ತೋರಿಸಿದ್ದು..." ಜಟ್ಟಪ್ಪ ತನ್ನ ಮಣಿಕಟ್ಟನ್ನು ಅರ್ಧ ತಿರುಗಿಸಿ ನೋಡಿದ. "ಅದು ಆಶೀರ್ವಾದ ಅಲ್ವಾ?"

"ಅದೂ ಹೌದು."

"ಬಾಯಿ ಬಿಟ್ಟು ಹೇಳಬಾರದಿತ್ತಾ, ಗುರುಗಳೇ?"

"ಹೇಳಿದೆ. ಕೂಗಿಯೇ ಹೇಳಿದೆ. ನಿನಗೆ ಕೇಳಲಿಲ್ಲ." ಗುರುಗಳು ನೀರಿಗೆ ಕೈ ಇಳಿಬಿಟ್ಟರು. "ಪೂರ್ತಿ ಎಂತಕ್ಕೆ ತಿರುಗಿಸ್ತಿದ್ದೆ?"

"ಬೇಗ ಆಚೆ ದಡ ಮುಟ್ಟುಕೆ."

"ಮುಟ್ಟಿ ಎಂತ ಮಾಡ್ತಿದ್ದೆ?"

ಜಟ್ಟಪ್ಪ ಯೋಚಿಸಿದ. "ಈಚೆಗೆ ಬರೋರು ಸೇರೋ ತನಕ ಕಾಯ್ತಿದ್ದೆ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ದೋಣಿ ಅಲ್ಲಾಡುವಷ್ಟು ನಕ್ಕರು. ಜಟ್ಟಪ್ಪನಿಗೂ ನಗು ಬಂತು, ನಗುತ್ತಿರುವಾಗಲೇ ಒಂದು ಮಾತು ಥಟ್ಟನೆ ಹೊಳೆಯಿತು. ಹಿಡಿಕೆ ಬಿಟ್ಟು ಮುಂದಕ್ಕೆ ಹಾರಿ ಗುರುಗಳ ಕಾಲು ಹಿಡಿದ.

"ಗುರುಗಳೇ! ಕುಟ್ಟೂದು ನಿಂತಿತು! ನೀವೇ ಹೇಳಿದ್ರಿ! ಮಂತ್ರ! ಈಗಲೇ! ಇಲ್ಲೇ!"

ಗುರುಗಳು ಸ್ಕ್ರೂಡ್ರೈವರಿನ ತುದಿಯನ್ನು ಜಟ್ಟಪ್ಪನ ಎದೆಯ ಮೇಲೆ ಊರಿದರು. ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಕೇಳಿದರು.

"ನಿಂತಿಲ್ಲ ಮಾರಾಯ," ಎಂದರು. "ಗಂಟು ತಿರುಗಿ ಆಶ್ರಮದಲ್ಲೇ ಇಡು. ಈಚೆಗೆ ಬರೋರು ಕಾಯ್ತಾ ಇದ್ದಾರೆ."

ಅಂದಿನಿಂದ ದೋಣಿ ಅರ್ಧ ಹಿಡಿಕೆಯಲ್ಲಿ ಓಡಿತು. ಬಂಕಿನ ಪೆಟ್ರೋಲೇ ಸಾಕಾಯಿತು, ಅದೂ ಮೊದಲಿಗಿಂತ ಕಡಿಮೆ. ಮಂಗಳಾರತಿಗೆ ಕರ್ಪೂರ ಉಳಿಯಿತು.

ದೋಣಿಯಲ್ಲಿ ಮಾತು ಕೇಳಿಸತೊಡಗಿತು. ದೇವಮ್ಮ ವರ್ಷಗಟ್ಟಲೆ ಅದೇ ದೋಣಿಯಲ್ಲಿ ಮಾತಾಡುತ್ತಲೇ ಬಂದಿದ್ದಳು. ಮಂತ್ರದ ಮೇಲೇ ಕಿವಿ ಇಟ್ಟಿದ್ದ ಜಟ್ಟಪ್ಪನಿಗೆ ಅದು ಗೊತ್ತಾದದ್ದೇ ಈಗ. ಅವಳ ಕೋಳಿ ನಾದಿನಿಯ ಅಂಗಳದಲ್ಲಿ ಮೊಟ್ಟೆ ಇಟ್ಟಿತ್ತು. ಮೊಟ್ಟೆ ಯಾರದು? ಕೋಳಿ ಇವಳದು, ಆದರೆ ತಿಂದ ಕಾಳು ಅವರದು. ಮಾತಿಗೆ ಮಾತು ಬೆಳೆದು ಎರಡು ಮನೆಯ ನಡುವೆ ಬೇಲಿ ಬಂತು. ಅಷ್ಟರಲ್ಲಿ ದಡ ಬರುತ್ತಿತ್ತು. ಜಟ್ಟಪ್ಪ ಹಿಡಿಕೆಯನ್ನು ಅರ್ಧದಿಂದ ಇನ್ನೂ ಒಂದಿಷ್ಟು ಇಳಿಸುತ್ತಿದ್ದ.

"ಆಮೇಲೆ, ದೇವಮ್ಮಕ್ಕಾ?"

"ಆಮೇಲೆ ಎಂತ ತಮಾ, ಆ ಮೊಟ್ಟೆ ಮರಿ ಆಯ್ತು. ಉಳಿದದ್ದು ನಾಳೆ ಹೇಳ್ತೆ."

ಮಳೆ ಕಳೆಯಿತು. ಹೊಳೆ ತಿಳಿಯಾಯಿತು. ಒಂದು ಮಧ್ಯಾಹ್ನ ಜಟ್ಟಪ್ಪ ಹಗ್ಗ ಬಿಚ್ಚುತ್ತಿರುವಾಗ ಗುರುಗಳು ದಕ್ಕೆಗೆ ಇಳಿದು ಬಂದರು. ಸ್ನಾನ ಮಾಡಿ, ಮಡಿ ಉಟ್ಟು, ಹೊಸ ಶಾಲೊಂದನ್ನು ತೋಳಿನ ಮೇಲೆ ಹಾಕಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್.

"ಜಟ್ಟಪ್ಪಾ, ನೀನು ಒಂದು ಕೇಳ್ತಿದ್ದೆ. ಈಚೆಗೆ ಕೇಳೂದೇ ಇಲ್ಲ."

"ಎಂತದು ಗುರುಗಳೇ?"

"ಮಂತ್ರ."

ಜಟ್ಟಪ್ಪ ಹಗ್ಗ ಹಿಡಿದುಕೊಂಡು ಬಾಯಿ ತೆರೆದು ನಿಂತ. ಆಮೇಲೆ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ, ಮರೆತೇ ಹೋಗಿತ್ತು! ಬಂದೆ ಗುರುಗಳೇ, ಬಂದು ಕೂತು ಕೇಳ್ತೆ. ಆಚೆ ದಡದಲ್ಲಿ ದೇವಮ್ಮಕ್ಕ ನಿಂತಿದ್ದಾಳೆ. ಬೇಲಿ ಮುರಿದು ನಾದಿನಿ ಒಳಗೆ ಬಂದಲ್ಲಿಗೆ ಬೆಳಿಗ್ಗೆ ದಡ ಬಂದುಬಿಟ್ಟಿತ್ತು."

ಅವನು ಹಿಡಿಕೆಯನ್ನು ಅರ್ಧ ತಿರುಗಿಸಿದ. ದೋಣಿ ಸದ್ದಿಲ್ಲದೆ ದಕ್ಕೆಯಿಂದ ಸರಿಯಿತು.

ಗುರುಗಳು ಶಾಲು ಹಿಡಿದು ನೋಡುತ್ತ ನಿಂತರು. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ತಮ್ಮದೇ ಎದೆಗೆ ಊರಿ, ಹಿಡಿಗೆ ಕಿವಿ ಕೊಟ್ಟರು. ಕೇಳಿ, ತಲೆ ಎತ್ತಿ, ಹೊಳೆಯ ಮೇಲೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು.

"ಬೇಗ ಬಾ ಮಾರಾಯ! ಈಗ ಇಲ್ಲಿ ಕುಟ್ಟುತ್ತಾ ಇದ್ದು!"